ಸೋಸಿದ ನೀರು ಮತ್ತು ರಸ್ತೆಯ ನೀರು

ನೀರನ್ನು ಸೋಸಿ ಕುಡಿಯುವುದು ಶ್ರಾವಕನ ನಿತ್ಯಾಚಾರಗಳಲ್ಲಿ ಒಂದು. ಆದರೆ ಸೋಸಿದ ಮಾತ್ರಕ್ಕೆ ಆ ಆಚಾರ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಸೇದಿದೆವೋ ಅದೇ ಬಾವಿಗೆ ಮೆಲ್ಲನೆ ಇಳಿಸಿ ಬಿಟ್ಟಾಗಲೇ ಅದು ಪೂರ್ಣ. ಅದರ ಪೂರ್ವಾರ್ಧದಿಂದ ನಮ್ಮ ಆರೋಗ್ಯಕ್ಕೂ ಹಿತವುಂಟು. ಉತ್ತರಾರ್ಧವಾದರೋ ಕೇವಲ ಆ ಜೀವಿಗಳ ಪ್ರಾಣಕ್ಕಾಗಿ. ಈ ಉತ್ತರಾರ್ಧವನ್ನು ನಾವಿಂದು ಮನೆಯ ಹೊರಗೆ ಮರೆತಿದ್ದೇವೆ.

ಧಾರವಾಡದ ಲಕಮನಹಳ್ಳಿಯಲ್ಲಿ, ಹಳೆಯ ಪುಣೆ-ಬೆಂಗಳೂರು ರಸ್ತೆಯ ಅಂಚಿಗೆ ಮುಂಗಾರಿನ ಮೊದಲ ಮಳೆಯಂದು ನಿಂತು ನೋಡಬೇಕು. ಕೈಗಾರಿಕಾ ಪ್ರದೇಶದ ಲಾರಿಗಳೂ, ಎಡೆಬಿಡದೆ ಓಡುವ ಬಸ್ಸುಗಳೂ, ನಮ್ಮ ನಿಮ್ಮ ಕಾರು-ಸ್ಕೂಟರುಗಳೂ ಬೇಸಿಗೆಯುದ್ದಕ್ಕೂ ಬಿಟ್ಟುಹೋದ ಎಣ್ಣೆ, ಮಸಿ, ಟೈರಿನ ಪುಡಿ, ಬ್ರೇಕಿನ ಧೂಳು ಒಮ್ಮೆಲೇ ತೊಳೆದು ಚರಂಡಿಗಿಳಿಯುತ್ತವೆ. ಧಾರವಾಡ ಸೀಮೆ ಜಲವಿಭಾಜಕದ ಏಣಿನ ಮೇಲಿದೆ. ಪಶ್ಚಿಮಕ್ಕಿಳಿದ ನೀರು ಶಾಲ್ಮಲೆಯಾಗಿ ಬೇಡ್ತಿಯನ್ನು ಕೂಡಿ, ಗಂಗಾವಳಿಯೆನಿಸಿ ಅರಬ್ಬೀ ಸಮುದ್ರ ಸೇರುತ್ತದೆ. ಪೂರ್ವಕ್ಕಿಳಿದದ್ದು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಯನ್ನು. ಇಲ್ಲಿ ತೊಟ್ಟಿಕ್ಕಿದ ಎಣ್ಣೆಗೆ ಎರಡು ಕಡಲುಗಳ ದಾರಿ ತೆರೆದಿದೆ.

ಆ ದಾರಿಯ ಮೊದಲ ನಿವಾಸಿಗಳು ಹಳ್ಳದ ಜೀವಿಗಳು. ಉಸಿರಿಗಾಗಿ ನೀರಿನ ಮೇಲ್ಮೈಗೆ ಬರುವ ಜಲಕೀಟಗಳಿಗೆ ಎಣ್ಣೆಯ ಪೊರೆ ಅಡ್ಡಬರುತ್ತದೆ. ಬ್ರೇಕಿನ ತಾಮ್ರ ಮೀನಿನ ಘ್ರಾಣಶಕ್ತಿಯನ್ನು ಕುಂದಿಸುತ್ತದೆ. ಟೈರಿನ ಸತುವು ಕೆಸರಿನಲ್ಲಿ ಕುಳಿತು ಅಲ್ಲಿ ಬೆಳೆಯುವ ಮರಿಹುಳುಗಳನ್ನು ಬಾಧಿಸುತ್ತದೆ.

‘ಕೊಲ್ಲುವ ಸಂಕಲ್ಪ ನಮಗಿರಲಿಲ್ಲವಲ್ಲ?’ ಎಂದು ಕೇಳಬಹುದು. ನಿಜ, ಇದು ಸಂಕಲ್ಪೀ ಹಿಂಸೆಯಲ್ಲ. ಆದರೆ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತದೊಡನೆ ಪ್ರಮಾದವನ್ನು ಸೇರಿಸಿದ್ದಾರೆ. ಅರಿತು ಮಾಡಿದ್ದಕ್ಕೂ ಅರಿಯದೆ ಮಾಡಿದ್ದಕ್ಕೂ ಕರ್ಮಾಸ್ರವದಲ್ಲಿ ಭೇದವನ್ನೂ ಕಾಣಿಸಿದ್ದಾರೆ. ಹಾಗಾದರೆ ನಮ್ಮ ಅರಿವು ಎಲ್ಲಿಯವರೆಗೆ ಬಂದಿದೆ?

ಅಮೆರಿಕದ ಸಿಯಾಟಲ್ ಸುತ್ತಲಿನ ತೊರೆಗಳಿಗೆ ಮೊಟ್ಟೆಯಿಡಲು ಮರಳುವ ಕೋಹೋ ಸಾಲ್ಮನ್ ಮೀನುಗಳು ಮಳೆಯ ಬೆನ್ನಿಗೇ ಸಾಯುತ್ತಿದ್ದುದನ್ನು ಹಲವು ವರ್ಷ ಕಂಡರೂ ಕಾರಣ ತಿಳಿದಿರಲಿಲ್ಲ. 2020ರ ಡಿಸೆಂಬರಿನಲ್ಲಿ ವಿಜ್ಞಾನಿಗಳು ಅದನ್ನು ಪ್ರಕಟಿಸಿದರು. ಟೈರು ಬಿರಿಯದಿರಲೆಂದು ರಬ್ಬರಿಗೆ ಬೆರೆಸುವ ರಾಸಾಯನಿಕವೊಂದು ಗಾಳಿಯ ಓಜೋನಿನೊಡನೆ ಸೇರಿ ಬೇರೊಂದು ವಸ್ತುವಾಗುತ್ತದೆ. ಕೋಹೋ ಮೀನುಗಳಿಗೆ ಅದೇ ವಿಷ. ಟೈರು ಬಾಳಲೆಂದು ಬೆರೆಸಿದ್ದು, ಮೀನು ಸಾಯಲೆಂದಲ್ಲ. ಆದರೆ ಆ ದಿನದಿಂದ ‘ತಿಳಿದಿರಲಿಲ್ಲ’ ಎಂಬ ಮಾತಿಗೆ ಎಡೆಯಿಲ್ಲ.

ಅರಿವು ಆಚಾರವಾದ ನಿದರ್ಶನವೂ ಉಂಟು. ಸೀಸ ಬೆರೆತ ಪೆಟ್ರೋಲಿನ ಮಾರಾಟ 2000ದಲ್ಲಿ ನಮ್ಮ ದೇಶದಾದ್ಯಂತ ನಿಂತಿತು. 2020ರ ಏಪ್ರಿಲಿನಿಂದ ಹೊಸ ವಾಹನಗಳ ಹೊಗೆಗೆ ಭಾರತ್ ಸ್ಟೇಜ್ 6ರ ಕಟ್ಟುನಿಟ್ಟು ಬಂದಿತು. ಆದರೆ ಈ ನಿಯಮ ಹೊಗೆಗೆ, ಟೈರಿನ ಸವೆತಕ್ಕಲ್ಲ. ವಿದ್ಯುತ್ ವಾಹನಕ್ಕೂ ಟೈರುಂಟು.

‘ಸಾವಿರ ವಾಹನಗಳಲ್ಲಿ ನನ್ನದೊಂದು ಹನಿ ಯಾವ ಲೆಕ್ಕ?’ ಎಂಬುದು ಮತ್ತೊಂದು ಸಮಾಧಾನ. ಸೋಸುವ ಬಟ್ಟೆಯನ್ನು ಬಾವಿಗೆ ಮರಳಿಸಿದ ಅಜ್ಜಿ, ಊರಿನ ಉಳಿದ ಮನೆಗಳು ಏನು ಮಾಡಿದವೆಂದು ಕೇಳಲಿಲ್ಲ. ಪಾಪ ಸಾವಿರ ಮಂದಿಗೆ ಹಂಚಿಹೋಗುವುದಿಲ್ಲ. ಅವರವರ ಪ್ರಮಾದ ಅವರವರದೇ.

ಗೃಹಸ್ಥನು ರಸ್ತೆಯನ್ನು ತ್ಯಜಿಸಲಾರ. ಆದರೆ ನಾಲ್ಕು ಹಸ್ತ ಮುಂದೆ ನೋಡಿ ಹೆಜ್ಜೆಯಿಡುವ ಮುನಿಗಳ ಈರ್ಯಾಸಮಿತಿಯ ಒಂದಂಶವನ್ನಾದರೂ ತನ್ನ ವಾಹನಕ್ಕೆ ಅನ್ವಯಿಸಬಲ್ಲ. ಸೋರುವ ಇಂಜಿನ್ನನ್ನು ದುರಸ್ತಿ ಮಾಡಿಸಬಹುದು. ಬಳಸಿದ ಎಣ್ಣೆಯನ್ನು ಚರಂಡಿಗೆ ಚೆಲ್ಲದಿರಬಹುದು. ಹಳ್ಳ-ಕೆರೆಗಳಲ್ಲಿ ವಾಹನ ತೊಳೆಯದಿರಬಹುದು. ಬಸದಿಯ ಪೂಜೆಗೆ ನಾಲ್ಕು ಮನೆಯವರು ಒಂದೇ ವಾಹನದಲ್ಲಿ ಬರಬಹುದು. ಬಸದಿಗಳ ಟ್ರಸ್ಟುಗಳು ತಮ್ಮ ವಾಹನ ನಿಲ್ದಾಣದ ಮಳೆನೀರನ್ನು ನೇರವಾಗಿ ಹಳ್ಳಕ್ಕೆ ಬಿಡದೆ, ಮರಳು ಹಾಗೂ ಹುಲ್ಲಿನ ಪಾತಿಯ ಮೂಲಕ ಹಾಯಿಸಿದರೆ ಕೊಳೆಯ ಬಹುಭಾಗ ಅಲ್ಲೇ ನಿಲ್ಲುತ್ತದೆ. ಅದೂ ಒಂದು ಜಲಗಾಲನವೇ.

ಚಾತುರ್ಮಾಸದಲ್ಲಿ ನೆಲವೆಲ್ಲ ಜೀವಮಯವೆಂದು ಮುನಿಗಳು ವಿಹಾರವನ್ನೇ ನಿಲ್ಲಿಸುತ್ತಾರೆ. ಅದೇ ಮಳೆಯಲ್ಲಿ ನಮ್ಮ ಚಕ್ರಗಳು ಏನನ್ನು ಹಳ್ಳಕ್ಕೆ ಕಳುಹಿಸುತ್ತಿವೆಯೆಂದು ಮನೆಯ ಹೊಸ್ತಿಲಲ್ಲಿ ನಿಂತು ಒಮ್ಮೆಯಾದರೂ ಆಲೋಚಿಸೋಣ.