ಸೇವೆ ಮಾಡುವವರಿಗೆ ದಣಿವಾದರೆ ಅದು ಪಾಪವೇ?



ಬೆಟ್ಟ ಹತ್ತುವವರು ಬಗೆಬಗೆಯ ಹರಕೆ ಹೊತ್ತು ಬರುತ್ತಾರೆ. ಮಗನಿಗೆ ಕೆಲಸ ಸಿಗಲಿ, ಮಗಳಿಗೆ ಕಂಕಣಭಾಗ್ಯ ಕೂಡಿಬರಲಿ, ಮನೆಯ ಹಿರಿಯರ ಕಾಯಿಲೆ ವಾಸಿಯಾಗಲಿ ಎಂದು ಬೇಡಿಕೊಳ್ಳುತ್ತಾರೆ. ಕಾಯಿಲೆ ಬಿದ್ದವರ ಹೆಸರಿನಲ್ಲಿ ಅರ್ಚನೆ ಮಾಡಿಸುವವರು ಬಹಳ ಮಂದಿ. ಆ ಕಾಯಿಲೆಯವರನ್ನು ಹಗಲೂ ರಾತ್ರಿ ನೋಡಿಕೊಳ್ಳುತ್ತಿರುವವರ ಹೆಸರು, ನಕ್ಷತ್ರ ಹೇಳಿ ಅರ್ಚನೆ ಮಾಡಿಸುವವರು ಅಪರೂಪ. ಅವರು ಬೆಟ್ಟಕ್ಕೂ ಬಂದಿರುವುದಿಲ್ಲ. ಬರೋಕೆ ಆಗುವುದೂ ಇಲ್ಲ. ಮನೆ ಬಿಟ್ಟು ಒಂದು ದಿನ ಹೊರಟರೆ ಹಾಸಿಗೆ ಹಿಡಿದವರಿಗೆ ಗಂಜಿ ಕುಡಿಸೋರು ಯಾರು?

ಅಂಥವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಕುಳಿತಿರುತ್ತದೆ. "ಹೆತ್ತ ತಾಯಿಯ ಸೇವೆ ಮಾಡೋಕೆ ನನಗೆ ಬೇಸರ ಬರ್ತಿದೆಯಲ್ಲ, ನಾನು ಪಾಪಿಯೇ?" ಎಂಬುದು ಆ ಪ್ರಶ್ನೆ. ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಕೇಳಲಾರರು. ಕೇಳಿದರೆ ಜನ ಏನಂದಾರು ಎಂಬ ಭಯ.

ಲಕ್ವ ಹೊಡೆದು ಮಲಗಿದವರಿಗೆ ಹಾಸಿಗೆ ಹುಣ್ಣಾಗದಿರಬೇಕಾದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳಬೇಕು. ಮರೆವಿನ ಕಾಯಿಲೆಯವರು ಒಂದೇ ಮಾತನ್ನು ನಲವತ್ತು ಸಲ ಕೇಳುತ್ತಾರೆ. ಉಣ್ಣಿಸಿ ಕೈ ತೊಳೆಯುವಷ್ಟರಲ್ಲಿ "ನನಗೆ ಬೆಳಿಗ್ಗೆಯಿಂದ ಊಟವೇ ಹಾಕಿಲ್ಲ" ಎಂದು ಬಂದವರ ಮುಂದೆ ದೂರುತ್ತಾರೆ. ಹೀಗೆ ತಿಂಗಳು, ವರ್ಷ ಕಳೆದಾಗ ಒಂದು ರಾತ್ರಿ "ದೇವರು ಇವರನ್ನು ಬೇಗ ಕರೆದುಕೊಳ್ಳಬಾರದೇ" ಎಂಬ ಮಾತು ಮನಸ್ಸಿನಲ್ಲಿ ತಾನಾಗಿ ಹುಟ್ಟುತ್ತದೆ. ಮರುಕ್ಷಣ ಮೈ ನಡುಗುತ್ತದೆ. ಬೆಳಗಾದ ಮೇಲೆ ಆ ಮಾತಿನ ನೆನಪೇ ಒಂದು ಹೊರೆಯಾಗುತ್ತದೆ.

ಧರ್ಮದ ದೃಷ್ಟಿಯಿಂದ ಇದನ್ನು ಹೇಗೆ ತೂಗಬೇಕು? ಮನಸ್ಸಿಗೆ ಬಂದುಹೋಗುವುದು ಬೇರೆ, ಕೈ ಮಾಡುವುದು ಬೇರೆ. ಆ ಮಾತು ಹುಟ್ಟಿದ ರಾತ್ರಿಯೂ ಎರಡು ಗಂಟೆಗೆ ಎದ್ದು ಮಗ್ಗುಲು ಬದಲಿಸಿದರೋ ಇಲ್ಲವೋ ಎಂಬುದನ್ನು ನೋಡಬೇಕು. ಎದ್ದಿದ್ದರೆ ಅವರ ಧರ್ಮ ಎಲ್ಲಿಗೂ ಹೋಗಿಲ್ಲ. ದಣಿವು ಎಂಬುದು ಹೊರೆ ಇಳಿಸದೆ ನಿಂತವರಿಗೆ ಬರುವಂಥದ್ದು. ಬಿಟ್ಟುಹೋದವರಿಗೆ ಅದು ಬರುವುದೇ ಇಲ್ಲ. ಹಾಗೆಂದು ಎಲ್ಲವನ್ನೂ ದಣಿವಿನ ಲೆಕ್ಕಕ್ಕೆ ಬರೆಯಲಾಗದು. ಕೈ ಎತ್ತುವುದು, ಬೇಕೆಂದೇ ನೀರು ಕೊಡದಿರುವುದು, ಕೋಣೆಯಲ್ಲಿ ಕೂಡಿಹಾಕುವುದು ತಪ್ಪೇ ಸರಿ. ಸಿಟ್ಟು ಕೈಗೆ ಬರುವ ಹಂತ ಮುಟ್ಟಿದೆ ಎಂದು ಅನ್ನಿಸಿದ ದಿನವೇ ಬೇರೊಬ್ಬರನ್ನು ಕೂಗಿ ಕರೆಯಬೇಕು. ಅಲ್ಲಿ ಸಂಕೋಚ ಪಟ್ಟರೆ ಇಬ್ಬರಿಗೂ ಕೇಡು.

ಶ್ರವಣಕುಮಾರನ ಕಥೆ ಹೇಳುವುದೇನು?

ತಂದೆತಾಯಿಯ ಸೇವೆ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಹೆಸರು ಶ್ರವಣಕುಮಾರನದು. ಕಣ್ಣಿಲ್ಲದ ತಂದೆತಾಯಿಯನ್ನು ಕಾವಡಿಯಲ್ಲಿ ಕೂರಿಸಿಕೊಂಡು ತೀರ್ಥಯಾತ್ರೆ ಮಾಡಿಸಿದ ಮಗ ಅವನು. ಆ ಭಕ್ತಿಗೆ ಕೈ ಮುಗಿಯಲೇಬೇಕು. ಆದರೆ ಈ ಹೆಸರನ್ನು ಎಷ್ಟೋ ಮನೆಗಳಲ್ಲಿ ಬಾಯಿ ಮುಚ್ಚಿಸೋಕೆ ಬಳಸುತ್ತಾರೆ. "ಶ್ರವಣ ಹೊತ್ತು ತಿರುಗಿದ, ನಿನಗೆ ಮನೇಲಿ ಕೂತು ನೋಡ್ಕೊಳ್ಳೋಕೂ ಆಗಲ್ವೇ?" ಎಂದು ಊರಿಂದ ಬಂದ ನೆಂಟರು ಕಾಫಿ ಕುಡಿದು ಹೇಳಿ ಹೋಗುತ್ತಾರೆ.

ಕಥೆಯ ಕೊನೆಯನ್ನು ನೆನೆಯಬೇಕು. ನೀರು ತರಲು ಹೋದ ಮಗನಿಗೆ, ಆನೆ ಎಂದು ಭ್ರಮಿಸಿ ದಶರಥ ಬಿಟ್ಟ ಬಾಣ ತಗುಲಿತು. ಮಗ ಸತ್ತ. ಅವನ ಹಿಂದೆಯೇ ತಂದೆತಾಯಿಯೂ ಪ್ರಾಣ ಬಿಟ್ಟರು. ಎರಡು ಜೀವಗಳು ಒಂದೇ ಹೆಗಲಿಗೆ ಜೋತುಬಿದ್ದಿದ್ದವು. ಆ ಹೆಗಲು ಉರುಳಿದಾಗ ಹಿಡಿಯಲು ಇನ್ನೊಂದು ಹೆಗಲು ಅಲ್ಲಿ ಇರಲಿಲ್ಲ. ಭಕ್ತಿಯ ಜೊತೆಗೆ ಈ ಪಾಠವನ್ನೂ ಆ ಕಥೆ ಕಲಿಸುತ್ತದೆ.

ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧನ ಕಥೆ ಬರುತ್ತದೆ. ಮಿಥಿಲೆಯಲ್ಲಿ ಮಾಂಸ ಮಾರುತ್ತಿದ್ದವನು. ವೇದ ಓದಲೆಂದು ತಂದೆತಾಯಿಯನ್ನು ಬಿಟ್ಟುಬಂದಿದ್ದ ಕೌಶಿಕನಿಗೆ ಧರ್ಮ ಹೇಳಿಕೊಟ್ಟವನು. ಇವನೂ ಮುಪ್ಪಿನ ತಂದೆತಾಯಿಯ ಸೇವೆ ಮಾಡುತ್ತಿದ್ದ. ಆದರೆ ತನ್ನ ಕಸುಬು ಬಿಟ್ಟಿರಲಿಲ್ಲ. ಹೆಂಡತಿ ಮಕ್ಕಳ ಸಮೇತ ಸೇವೆ ಮಾಡುತ್ತೇನೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಸೇವೆಯನ್ನು ಮನೆಯ ಎಲ್ಲರೂ ಹಂಚಿಕೊಂಡಿದ್ದರು. ಸಂಸಾರವಂದಿಗರಿಗೆ ಇದೇ ದಾರಿ ಹೆಚ್ಚು ಹೊಂದುತ್ತದೆ.

ವಯಸ್ಸಿಗೊಂದು ಕಷ್ಟ

ಆರೈಕೆಯ ಭಾರ ಎಲ್ಲ ವಯಸ್ಸಿಗೂ ಒಂದೇ ರೀತಿ ಇರುವುದಿಲ್ಲ. ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿಗೆ ಮಾನಸಿಕ ಕಾಯಿಲೆ ಎಂದುಕೊಳ್ಳಿ. ಹುಡುಗಿ ಬೆಳಿಗ್ಗೆ ತಮ್ಮನಿಗೆ ತಿಂಡಿ ಮಾಡಿ, ತಾಯಿಗೆ ಮಾತ್ರೆ ನುಂಗಿಸಿ, ಪ್ರಾರ್ಥನೆ ಮುಗಿದ ಮೇಲೆ ಶಾಲೆ ಸೇರುತ್ತಾಳೆ. ಮೇಷ್ಟ್ರು ಬೈಯುತ್ತಾರೆ. ಅವಳು ಕಾರಣ ಹೇಳುವುದಿಲ್ಲ, ಮನೆಯ ಮಾನ ಹೋಗುತ್ತದಲ್ಲ! ಊರಿನವರು "ಎಷ್ಟು ಜವಾಬ್ದಾರಿ ಹುಡುಗಿ" ಎಂದು ಹೊಗಳುತ್ತಾರೆ. ಆ ಹೊಗಳಿಕೆಯ ಕೆಳಗೆ ಒಂದು ಬಾಲ್ಯ ಮುಗಿದುಹೋಗುತ್ತಿರುವುದನ್ನು ಯಾರೂ ಗಮನಿಸುವುದಿಲ್ಲ. "ಅಮ್ಮನಿಗೆ ಹೀಗಾಗಿದ್ದು ನಿನ್ನಿಂದಲ್ಲ ಮಗಾ" ಎಂದು ದೊಡ್ಡವರೊಬ್ಬರು ಹೇಳುವುದು ಅವಳಿಗೆ ಮೊದಲು ಬೇಕು. ಸಂಜೆ ಎರಡು ಗಂಟೆ ಆಟಕ್ಕೂ ಓದಿಗೂ ಬಿಡುವು ಬೇಕು.

ಇಪ್ಪತ್ತೈದು ಮೂವತ್ತರ ವಯಸ್ಸಿನವರ ಕಷ್ಟ ಇನ್ನೊಂದು. ಜೊತೆಯವರು ಬೆಂಗಳೂರಿಗೋ ಪುಣೆಗೋ ಹೋದರು, ಮದುವೆಯಾದರು, ಮನೆ ಕಟ್ಟಿದರು. ಅಪ್ಪನಿಗೆ ವಾರಕ್ಕೆರಡು ಮೂರು ಸಲ ಡಯಾಲಿಸಿಸ್ ಮಾಡಿಸಬೇಕಾದ ಮಗ ಊರಲ್ಲೇ ಉಳಿದ. "ನನ್ನ ಕಾಲ ಹೀಗೇ ಹೋಗುತ್ತಾ?" ಎಂದು ಅವನಿಗೆ ಅನ್ನಿಸುವುದು ಸಹಜ. ಯಯಾತಿಯ ಕಥೆ ಇಲ್ಲಿ ನೆನಪಾಗುತ್ತದೆ. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬಂದಾಗ ಯಯಾತಿ ಮಕ್ಕಳ ಯೌವನ ಕೇಳಿದ. ನಾಲ್ವರು ಒಲ್ಲೆವೆಂದರು, ಕಿರಿಯವನಾದ ಪೂರು ಕೊಟ್ಟ. ಪೂರುವಿನ ತ್ಯಾಗವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಯಯಾತಿ ಕೊನೆಗೆ ಆ ಯೌವನವನ್ನು ಮಗನಿಗೆ ಹಿಂದಿರುಗಿಸಿ ಕಾಡಿಗೆ ಹೋದ ಎಂಬುದೂ ಕಥೆಯ ಭಾಗವೇ. ಕೊಡುವುದು ಮಗನ ಧರ್ಮವಾದರೆ ಹಿಂದಿರುಗಿಸುವುದು ತಂದೆಯ ಧರ್ಮ. "ನೀನು ಹೋಗಿ ಬಾರಪ್ಪ, ಇವತ್ತು ಚಿಕ್ಕಪ್ಪ ನನ್ನ ಜೊತೆ ಇರ್ತಾನೆ" ಎನ್ನುವ ರೋಗಿ ಮಗನಿಗೆ ಒಂದು ದಿನದ ಯೌವನವನ್ನಾದರೂ ವಾಪಸು ಕೊಟ್ಟ ಹಾಗೆ.

ನಲವತ್ತು ಐವತ್ತರ ಸೊಸೆಯದು ಎರಡೂ ಕಡೆಯ ಎಳೆದಾಟ. ಒಂದು ಕೋಣೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗ, ಇನ್ನೊಂದರಲ್ಲಿ ಹಾಸಿಗೆ ಹಿಡಿದ ಅತ್ತೆ, ನಡುವೆ ಹೊಲದ ಕೆಲಸವೋ ಕಛೇರಿಯೋ. ಅವಳ ಸ್ವಂತ ತಾಯಿ ತವರಿನಲ್ಲಿ ಕಾಯಿಲೆ ಬಿದ್ದರೆ ಹೋಗಿ ಬರೋಕೂ ಪುರಸೊತ್ತಿಲ್ಲ. ತನ್ನ ಬಿ.ಪಿ. ಮಾತ್ರೆಯನ್ನು ತಾನೇ ಮರೆಯುತ್ತಾಳೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಹೆಂಗಸರಲ್ಲಿ ಶೇಕಡಾ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಗಂಡಸರಲ್ಲಿ ಶೇಕಡಾ 21.4. ಹಾಗೆ ತೊಡಗಿದ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ, ಗಂಡಸರು 74 ನಿಮಿಷ ಅದಕ್ಕೆ ಕೊಟ್ಟಿದ್ದರು. ಈ ಲೆಕ್ಕದಲ್ಲಿ ಮಕ್ಕಳ ಆರೈಕೆಯೂ ಸೇರಿದೆ. ಹೆತ್ತವರ ಋಣ ಮಗನದು ಎನ್ನುತ್ತದೆ ಶಾಸ್ತ್ರ. ತೀರಿಸುವ ಕೈ ಬಹಳ ಮನೆಗಳಲ್ಲಿ ಸೊಸೆಯದು. ಇದು ನ್ಯಾಯವೇ ಎಂದು ಪ್ರತಿಯೊಬ್ಬ ಮಗನೂ ತನ್ನನ್ನು ಕೇಳಿಕೊಳ್ಳಬೇಕು.

ಇನ್ನು ಎಪ್ಪತ್ತು ದಾಟಿದ ಅಜ್ಜಿ ಎಂಬತ್ತರ ಗಂಡನನ್ನು ನೋಡಿಕೊಳ್ಳುವುದುಂಟು. ಅವಳಿಗೇ ಮಂಡಿನೋವು. ಅವರನ್ನು ಎತ್ತಿ ಕೂರಿಸೋಕೆ ಕೈಯಲ್ಲಿ ಕಸುವಿಲ್ಲ. ಮಕ್ಕಳು ದೂರದಲ್ಲಿದ್ದಾರೆ, ಫೋನಿನಲ್ಲಿ "ಹುಷಾರಾಗಿದ್ದೀರಾ?" ಎನ್ನುತ್ತಾರೆ. "ಹೂಂ ಕಣಪ್ಪ, ಚೆನ್ನಾಗಿದ್ದೀವಿ" ಎನ್ನುತ್ತಾಳೆ ಅಜ್ಜಿ. ಅವಳ ದೊಡ್ಡ ಭಯ ಒಂದೇ: "ನಾನೇ ಮೊದಲು ಹೋದರೆ ಇವರ ಗತಿಯೇನು?" ಆ ಭಯಕ್ಕೆ ಸಮಾಧಾನದ ಮಾತು ಸಾಲದು. ಯಾರು ನೋಡಿಕೊಳ್ಳುತ್ತಾರೆ, ಎಲ್ಲಿ, ಖರ್ಚು ಹೇಗೆ ಎಂದು ಮಕ್ಕಳು ಕೂತು ಮಾತಾಡಿ ಅವಳಿಗೆ ಹೇಳಬೇಕು.

ದಿನಾ ಸಾಯೋರಿಗೆ ಅಳೋರ್ಯಾರು?

ಈ ಗಾದೆ ಕಟುವಾದದ್ದು, ಆದರೆ ನಿಜ. ಕಾಯಿಲೆ ಬಂದ ಹೊಸತರಲ್ಲಿ ಮನೆ ತುಂಬ ಜನ. ಎಳನೀರು, ಹಣ್ಣು, ಬ್ರೆಡ್ಡು ಹಿಡಿದು ಬರುತ್ತಾರೆ. ಆರು ತಿಂಗಳಾದ ಮೇಲೆ ಯಾರೂ ಇತ್ತ ತಲೆ ಹಾಕುವುದಿಲ್ಲ. ನಿಜವಾದ ಕಷ್ಟ ಶುರುವಾಗುವುದು ಆಗಲೇ.

ಅಮೆರಿಕದಲ್ಲಿ ಸ್ಟೀವನ್ ಜರಿತ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 29 ಮಂದಿ ವೃದ್ಧರನ್ನೂ ಅವರನ್ನು ನೋಡಿಕೊಳ್ಳುವ ಮನೆಯವರನ್ನೂ ಕುರಿತು 1980ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಯಿಲೆ ಜಾಸ್ತಿಯಾದಷ್ಟೂ ಭಾರ ಜಾಸ್ತಿ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಅವರು ಕಂಡದ್ದು ಬೇರೆ. ಭಾರದ ಅನುಭವ ರೋಗಿಯ ತೊಂದರೆಗಳಿಗಿಂತ ಉಳಿದ ಬಂಧುಗಳು ಎಷ್ಟು ಸಲ ಬಂದುಹೋಗುತ್ತಾರೆ ಎಂಬುದಕ್ಕೆ ಹೊಂದಿಕೊಂಡಿತ್ತು. ಬಂದುಹೋಗುವವರು ಹೆಚ್ಚಿದ್ದ ಕಡೆ ಭಾರ ಕಡಿಮೆ. ಅದು ಚಿಕ್ಕ ಅಧ್ಯಯನವೇ ಆದರೂ ಹಳ್ಳಿಯ ಅಜ್ಜಿಯರು ಒಪ್ಪುವಂಥ ಮಾತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಎಲ್ಲರಿಗೂ ಗೊತ್ತಿದ್ದದ್ದೇ.

ಹಾಗಾದರೆ ಬಂಧುಗಳು ಏನು ಮಾಡಬಹುದು? ಉಪದೇಶ ಬೇಡ. "ಏನಾದ್ರೂ ಬೇಕಾದ್ರೆ ಹೇಳಿ" ಎಂಬ ಮಾತೂ ಸಾಲದು, ಏಕೆಂದರೆ ಅವರು ಹೇಳುವುದಿಲ್ಲ. "ಭಾನುವಾರ ಹತ್ತರಿಂದ ಐದರವರೆಗೆ ನಾನು ಅತ್ತೆ ಹತ್ತಿರ ಇರ್ತೀನಿ, ನೀವು ಮಲಗಿ ಅಕ್ಕ" ಎಂದು ದಿನ, ಗಂಟೆ ಹೇಳಿ ಬರಬೇಕು. ದೂರದಲ್ಲಿರುವ ಅಣ್ಣತಮ್ಮಂದಿರು ದುಡ್ಡು ಕಳಿಸಿದರೆ ಮುಗಿಯಿತು ಎಂದುಕೊಳ್ಳದೆ ವರ್ಷಕ್ಕೆ ಹದಿನೈದು ದಿನ ರಜೆ ಹಾಕಿ ಬಂದು ತಾವೇ ರಾತ್ರಿ ಎದ್ದು ನೋಡಲಿ. ಆಗ "ನೀನು ಸರಿಯಾಗಿ ನೋಡ್ಕೊಳ್ತಿಲ್ಲ" ಎಂಬ ಮಾತು ಅವರ ಬಾಯಿಂದ ಮತ್ತೆ ಬರುವುದಿಲ್ಲ.

ಸರ್ಕಾರದ 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳು ತಂದೆತಾಯಿಯನ್ನು ಪೋಷಿಸಬೇಕೆನ್ನುತ್ತದೆ, ಬಿಟ್ಟುಹೋಗುವುದನ್ನು ಅಪರಾಧವೆನ್ನುತ್ತದೆ. ಅದು ಬೇಕಾದ ಕಾಯ್ದೆಯೇ. ನೋಡಿಕೊಳ್ಳುವವರ ಮನಸ್ಸಿನ ಭಾರವನ್ನು ಮಾತ್ರ ಯಾವ ಕಾಯ್ದೆಯೂ ಇಳಿಸಲಾರದು. ಅದನ್ನು ಹೇಳಿಕೊಳ್ಳೋಕೆ ಯಾರೂ ಇಲ್ಲವೆನಿಸಿದಾಗ, ನಿದ್ದೆ ಬಾರದಾಗ, ಬದುಕೇ ಬೇಡವೆನಿಸಿದಾಗ 14416ಕ್ಕೆ ಫೋನ್ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಹಿರಿಯರ ವಿಚಾರಕ್ಕೆ 14567 ಎಂಬ ಸಹಾಯವಾಣಿ ಇದೆ. ಊರಿನ ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ಕೇಳುವುದರಿಂದ ಸೇವೆಯ ಪುಣ್ಯ ಕಡಿಮೆಯಾಗುವುದಿಲ್ಲ.

"ಹೀಗೆಲ್ಲ ಹೇಳಿದರೆ ಈಗಿನ ಮಕ್ಕಳು ಜವಾಬ್ದಾರಿ ಬಿಟ್ಟುಬಿಡುತ್ತಾರೆ" ಎಂದು ಕೆಲವು ಹಿರಿಯರು ಅನ್ನಬಹುದು. ಯೋಚಿಸಬೇಕಾದ ಮಾತೇ. ಆದರೆ ಬಿಡಬೇಕೆನ್ನುವವರು ದಣಿಯುವ ಮೊದಲೇ ಬಿಟ್ಟಿರುತ್ತಾರೆ, ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಉಳಿದವರು ಒಬ್ಬರೇ ಸವೆದು ಸವೆದು ಒಂದು ದಿನ ಕುಸಿದರೆ ಕಾಯಿಲೆಯವರು ಎರಡು ಸಲ ಅನಾಥರಾಗುತ್ತಾರೆ. ಬಿಡುವು ಕೊಟ್ಟರೆ ಸೇವೆ ನಿಲ್ಲುವುದಿಲ್ಲ, ಇನ್ನಷ್ಟು ದಿನ ನಡೆಯುತ್ತದೆ. ಗಾಡಿಗೆ ಕಟ್ಟಿದ ಎತ್ತನ್ನೂ ಮಧ್ಯಾಹ್ನ ನೊಗ ಬಿಚ್ಚಿ ನೀರು ಕುಡಿಸುವ ನಾಡು ಇದು. ಮನೆಯ ಹೆಣ್ಣುಮಗಳಿಗೆ, ಮಗನಿಗೆ ಅಷ್ಟು ದಯೆ ತೋರಿಸಬಾರದೇ?

ಹಾಸಿಗೆಯಲ್ಲಿ ಮಲಗಿದವರ ಕೈಯಲ್ಲೂ ಒಂದು ಸೇವೆ ಉಳಿದಿರುತ್ತದೆ. ಮಾತು ಬರುವವರಾದರೆ "ನಿನಗೂ ಕಷ್ಟ ಆಗ್ತಿದೆ, ನನಗೆ ಗೊತ್ತು ಮಗಳೇ" ಎಂದು ಒಂದು ಸಲ ಅನ್ನಬಹುದು. ಮಗಳ ಕೈಯಿಂದಲೇ ಆಗಬೇಕೆಂದು ಹಟ ಹಿಡಿಯದೆ ಬೇರೆಯವರ ಕೈಯ ಗಂಜಿಯನ್ನೂ ಕುಡಿಯಬಹುದು. ಇದು ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ.

ಭಕ್ತಾದಿಗಳು ಬೆಟ್ಟ ಇಳಿದು ಊರಿಗೆ ಹೋದ ಮೇಲೆ ಪ್ರಸಾದವನ್ನು ನೆರೆಹೊರೆಗೆ ಹಂಚುವುದು ವಾಡಿಕೆ. ಈ ಸಲ ಹಂಚುವಾಗ, ಬರಲಾಗದೆ ಮನೆಯಲ್ಲೇ ಉಳಿದ ಒಬ್ಬರ ಬಾಗಿಲಿಗೂ ಹೋಗಬೇಕು. ಪ್ರಸಾದ ಕೊಟ್ಟು ತಿರುಗಿಬಿಡದೆ, ಕಾಯಿಲೆಯವರ ಪಕ್ಕ ಒಂದು ಗಂಟೆ ಕೂತು, "ನೀವು ಸ್ವಲ್ಪ ಹೊರಗೆ ಹೋಗಿ ಬನ್ನಿ" ಎನ್ನಬೇಕು. ಯಾತ್ರೆಯ ಫಲದಲ್ಲಿ ಅವರಿಗೂ ಪಾಲು ಸಿಗಲಿ.

ಸೇವೆ ಪಡೆಯುವವರಿಗೂ ಸೇವೆ ಮಾಡುವವರಿಗೂ ಒಳಿತಾಗಲಿ. ಸರ್ವರಿಗೂ ಸನ್ಮಂಗಳವಾಗಲಿ.