ಓದಿ ಹೇಳುವುದೋ, ಓದಲು ಬಿಡುವುದೋ?

ಕಣ್ಣು ಮಂಜಾದ ಹಿರಿಯರಿರುವ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತೊಂದಿದೆ: 'ಇದೇನು ಬಂದಿದೆ, ಸ್ವಲ್ಪ ಓದಿ ಹೇಳಪ್ಪ.' ಮಗನೋ ಮೊಮ್ಮಗಳೋ ಮೊಬೈಲನ್ನು ಕೈಗೆ ತೆಗೆದುಕೊಂಡು ಓದಿ ಹೇಳುತ್ತಾರೆ. ಪುರುಸೊತ್ತಿಲ್ಲದಿದ್ದರೆ 'ಏನೂ ಇಲ್ಲ ಬಿಡಿ, ಕಂಪನಿಯ ಮೆಸೇಜು' ಎಂದು ಹಿಂದಿರುಗಿಸುತ್ತಾರೆ. ಓದಿ ಹೇಳುವುದು ಒಳ್ಳೆಯ ಕೆಲಸವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಅವರೇ ಓದಿಕೊಳ್ಳುವ ದಾರಿ ಅದೇ ಮೊಬೈಲಿನಲ್ಲಿ ಇರುವಾಗ, ಅದನ್ನು ತೋರಿಸಿಕೊಡದೆ ವರ್ಷಗಟ್ಟಲೆ ನಾವೇ ಓದಿ ಹೇಳುತ್ತಿರುವುದು ಉಪಕಾರವೇ? ಮೇಲ್ನೋಟಕ್ಕೆ ಚಿಕ್ಕದಾಗಿ ಕಾಣುವ ಈ ಪ್ರಶ್ನೆಯಲ್ಲಿ ಮನುಷ್ಯನ ಘನತೆಯ ದೊಡ್ಡ ಪ್ರಶ್ನೆಯೊಂದು ಅಡಗಿದೆ.

ದಾವಣಗೆರೆ ಮತ್ತು ಹರಿಹರ ದುಡಿಮೆಯ ಊರುಗಳು. ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದುದು ಅಲ್ಲಿನ ಹತ್ತಿಯ ಗಿರಣಿಗಳಿಂದಾಗಿ. ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಮೂಲೆ ಮೂಲೆಗೆ ಹೋಗುತ್ತಿದ್ದವು. ಗಿರಣಿಗಳ ಸದ್ದು ಅಡಗಿತು, ಕಾರ್ಖಾನೆಯ ಬಾಗಿಲೂ ಮುಚ್ಚಿತು. ಅಲ್ಲಿ ದುಡಿದವರು ಈಗ ವೃದ್ಧರಾಗಿದ್ದಾರೆ. ತುಂಡಾದ ನೂಲಿನ ಎಳೆಯನ್ನು ಓಡುವ ಯಂತ್ರದಲ್ಲಿ ಗುರುತಿಸಿದ ಕಣ್ಣುಗಳು, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಕಾದ ಮರಳನ್ನು ದಿಟ್ಟಿಸಿದ ಕಣ್ಣುಗಳು, ಮಿಲ್ಲಿಮೀಟರಿನ ನೂರರಲ್ಲಿ ಒಂದು ಪಾಲನ್ನು ಅಳತೆಗೋಲಿನಲ್ಲಿ ಓದಿದ ಕಣ್ಣುಗಳು ಇಂದು ಬ್ಯಾಂಕಿನ ಎರಡು ಸಾಲಿನ ಮೆಸೇಜನ್ನು ಓದಲಾರವು. ದಾವಣಗೆರೆ 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಸೇರಿತು. ಪಿಂಚಣಿ, ಗ್ಯಾಸು, ಕರೆಂಟು ಬಿಲ್ಲು ಎಲ್ಲವೂ ಮೊಬೈಲಿಗೆ ಬಂದವು. ಆದರೆ ಆ ಮೊಬೈಲನ್ನು ಹಿಡಿದವರ ಕಣ್ಣಿನ ಬಗ್ಗೆ ಯೋಚಿಸಿದವರು ಎಷ್ಟು ಮಂದಿ?

ವಾಸ್ತವದಲ್ಲಿ ಯಂತ್ರ ತಯಾರಿಸಿದವರು ಯೋಚಿಸಿದ್ದಾರೆ. ಪರದೆಯಲ್ಲಿರುವುದನ್ನು ಓದಿ ಹೇಳುವ ವ್ಯವಸ್ಥೆ ಐಫೋನಿಗೂ ಆಂಡ್ರಾಯ್ಡಿಗೂ 2009ರಲ್ಲೇ ಬಂತು. ಮೊದಲನೆಯದಕ್ಕೆ ವಾಯ್ಸ್‌ಓವರ್ ಎಂದೂ ಎರಡನೆಯದಕ್ಕೆ ಟಾಕ್‌ಬ್ಯಾಕ್ ಎಂದೂ ಹೆಸರು. ಬೆರಳು ಎಲ್ಲಿ ಮುಟ್ಟುತ್ತದೋ ಅಲ್ಲಿರುವುದನ್ನು ಅದು ಉಚ್ಚರಿಸುತ್ತದೆ. ಎರಡು ಸಲ ತಟ್ಟಿದರೆ ತೆರೆಯುತ್ತದೆ. ಈಗ ಎರಡರಲ್ಲೂ ಕನ್ನಡದ ಧ್ವನಿ ದೊರೆಯುತ್ತದೆ. ಪೂರ್ತಿ ದೃಷ್ಟಿ ಹೋಗಿರದವರಿಗೆ ಇಷ್ಟು ಬೇಕಾಗಿಯೂ ಇಲ್ಲ. ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿ ಎಂಬ ವಿಭಾಗವಿದೆ. ಅಕ್ಷರವನ್ನು ದೊಡ್ಡದು ಮಾಡುವ, ದಪ್ಪಗೊಳಿಸುವ, ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ತೋರಿಸುವ, ಪರದೆಯ ಒಂದು ಭಾಗವನ್ನು ಭೂತಗನ್ನಡಿಯಂತೆ ಹಿಗ್ಗಿಸುವ ಅನುಕೂಲಗಳು ಬಹುತೇಕ ಅಲ್ಲಿಯೇ ಇವೆ. ಪರದೆ ಅಗಲವಾಗಿರುವುದರಿಂದ ಟ್ಯಾಬ್ಲೆಟ್ಟಿನಲ್ಲಿ ಇವು ಇನ್ನಷ್ಟು ಹಿತ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಬೇಕಾದದ್ದು ಅರ್ಧ ಗಂಟೆಯ ತಾಳ್ಮೆ ಮಾತ್ರ.

ಆ ಅರ್ಧ ಗಂಟೆ ಏಕೆ ಸಿಗುವುದಿಲ್ಲ? ಓದಿ ಹೇಳುವುದಕ್ಕೆ ಅರ್ಧ ನಿಮಿಷ ಸಾಕು, ಕಲಿಸುವುದಕ್ಕೆ ಹೆಚ್ಚು ಹೊತ್ತು ಬೇಕು ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಹೇಳಲು ಸಂಕೋಚವಾಗುತ್ತದೆ. ಓದಿ ಹೇಳುವವನ ಕೈಯಲ್ಲಿ ಒಂದು ಅಧಿಕಾರವಿರುತ್ತದೆ. ಏನನ್ನು ಓದಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸುವವನು ಅವನೇ. ಹಿಂದೆ ಓದು ಬಾರದವರಿಗೆ ಅಂಚೆಯಣ್ಣ ಕಾಗದ ಓದಿ ಹೇಳುತ್ತಿದ್ದ. ಅದು ತಿಂಗಳಿಗೊಂದು ಕಾಗದ. ಇಂದಿನ ಮೊಬೈಲಿನಲ್ಲಿ ಒಬ್ಬ ಮನುಷ್ಯನ ಇಡೀ ಬದುಕಿದೆ. ಖಾತೆಯಲ್ಲಿ ಉಳಿದ ಹಣ, ವೈದ್ಯರ ವರದಿ, ಗಂಡನ ಮನೆಯಲ್ಲಿರುವ ಮಗಳು ತಾಯಿಗೆ ಮಾತ್ರ ಹೇಳಿಕೊಂಡ ದುಃಖ. ಆ ದುಃಖವನ್ನು ಸೊಸೆಯ ಬಾಯಿಂದಲೇ ಕೇಳಬೇಕಾದ ತಾಯಿಯ ಪರಿಸ್ಥಿತಿಯನ್ನು ಊಹಿಸಿಕೊಳ್ಳಿ. ಸೊಸೆ ಎಷ್ಟೇ ಒಳ್ಳೆಯವಳಾದರೂ ಮಗಳು ಮುಂದಿನ ಸಲ ಬರೆಯುವಾಗ ಯೋಚಿಸುತ್ತಾಳೆ. ದೃಷ್ಟಿಯ ಜೊತೆಗೆ ತಾಯಿ ಮಗಳ ಗುಟ್ಟನ್ನೂ ಕಳೆದುಕೊಳ್ಳುತ್ತಾಳೆ.

ಇಸ್ಲಾಮೀ ಇತಿಹಾಸದಲ್ಲಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್ ಎಂಬ ಅಂಧ ಸಹಾಬಿಯ ಹೆಸರು ಬರುತ್ತದೆ. ಮದೀನಾದ ಮಸೀದಿಯಲ್ಲಿ ಅವರು ಅಝಾನ್ ಕೊಡುತ್ತಿದ್ದರು. ಪ್ರಭಾತದ ಬೆಳಕನ್ನು ನೋಡಲಾಗದವರು ಪ್ರಭಾತದ ಕರೆ ಕೊಡುವುದು ಹೇಗೆ? ಬೆಳಗಾಯಿತು ಎಂದು ಜನರು ಅವರಿಗೆ ತಿಳಿಸುತ್ತಿದ್ದರು, ಆಮೇಲೆ ಅವರು ಅಝಾನ್ ಕೊಡುತ್ತಿದ್ದರು. ಇಲ್ಲಿ ನೆರವು ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಎಂಬುದನ್ನು ಗಮನಿಸಬೇಕು. ಕಣ್ಣು ಮಾಡಬೇಕಾದ ಕೆಲಸವನ್ನಷ್ಟೇ ಇತರರು ಮಾಡಿದರು. ಕಣ್ಣಿಲ್ಲವೆಂಬ ಕಾರಣಕ್ಕೆ ಕರೆ ಕೊಡುವ ಹೊಣೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲೂ ಇದೇ ತತ್ವವನ್ನು ಕಾಣುತ್ತೇವೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಅನ್ನ ಹಾಕಿ ಸುಮ್ಮನಾಗಲಿಲ್ಲ, ಸಂಗೀತ ಕಲಿಸಿ ಅವರನ್ನು ಸ್ವಂತ ಕಾಲಿನ ಮೇಲೆ ನಿಲ್ಲಿಸಿದರು. ನೆರವಿನ ಗುರಿ ನೆರವನ್ನು ಕೊನೆಗಾಣಿಸುವುದೇ ಆಗಿರಬೇಕು.

ಇದಕ್ಕೆ ಒಂದು ಆಕ್ಷೇಪವಿದೆ. 'ಓದಿ ಹೇಳುವ ನೆಪದಲ್ಲಾದರೂ ಮಕ್ಕಳು ಹಿರಿಯರ ಬಳಿ ಬಂದು ಕುಳಿತುಕೊಳ್ಳುತ್ತಾರೆ. ಆ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿದರೆ ಹಿರಿಯರು ಇನ್ನಷ್ಟು ಒಂಟಿಯಾಗುವುದಿಲ್ಲವೇ?' ಈ ಮಾತನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಅಗತ್ಯ ಬಿದ್ದಾಗ ಮಾತ್ರ ಬಂದು ಕುಳಿತುಕೊಳ್ಳುವುದು ಒಡನಾಟವಾಗುತ್ತದೆಯೇ? ಪತ್ರಿಕೆಯನ್ನು ತಾವೇ ಕೇಳಿಸಿಕೊಂಡ ತಂದೆ ಸಂಜೆ ಮಗನೊಡನೆ ಆ ಸುದ್ದಿಯ ಬಗ್ಗೆ ವಾದ ಮಾಡಬಲ್ಲರು. ಓದಿ ಹೇಳಿಸಿಕೊಳ್ಳುವ ತಂದೆ ಮಗನ ಮುಖವನ್ನು ಕಾಯುತ್ತಾರೆ. ಮೊದಲನೆಯದರಲ್ಲಿ ಸಮಾನತೆಯಿದೆ, ಎರಡನೆಯದರಲ್ಲಿ ಹಂಗು ಇದೆ. ಇನ್ನು, ಎಲ್ಲವನ್ನೂ ತಿಳಿದ ಮೇಲೂ 'ನೀನೇ ಓದು, ನಿನ್ನ ಬಾಯಲ್ಲಿ ಕೇಳಬೇಕು' ಎನ್ನುವ ಅಜ್ಜಿಗೆ ಓದಿ ಹೇಳುವುದು ಪ್ರೀತಿ. ಅಲ್ಲಿ ಯಂತ್ರಕ್ಕೆ ಕೆಲಸವಿಲ್ಲ.

ಕಲಿಸುವಾಗಲೂ ಕೆಲವು ಎಚ್ಚರಗಳು ಬೇಕು. ಒಂದೇ ದಿನ ಎಲ್ಲವನ್ನೂ ಹೇಳಿ ಗಾಬರಿಪಡಿಸಬಾರದು. ಮೊದಲು ಅಕ್ಷರ ದೊಡ್ಡದಾಗಲಿ, ವಾರ ಬಿಟ್ಟು ಧ್ವನಿ ಬರಲಿ. ಅವರ ಕೈಯಿಂದ ಮೊಬೈಲನ್ನು ಕಸಿದುಕೊಂಡು ನಾವೇ ಮಾಡಿ ತೋರಿಸಿದರೆ ಕಲಿಕೆಯಾಗದು. ಬ್ಯಾಂಕಿನ ವಿಷಯಗಳು ನಾಲ್ಕು ಜನರ ನಡುವೆ ಗಟ್ಟಿಯಾಗಿ ಕೇಳಿಸದಂತೆ ಇಯರ್‌ಫೋನು ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ಅಕ್ಷರ ಔಷಧವಲ್ಲ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಆದರೆ ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ, ಸಕ್ಕರೆ ಕಾಯಿಲೆ ಸದ್ದಿಲ್ಲದೆ ಅಕ್ಷಿಪಟಲವನ್ನು ಕೆಡಿಸುತ್ತದೆ. ಆದುದರಿಂದ ಸೆಟ್ಟಿಂಗ್ ಬದಲಿಸುವ ಮೊದಲು ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಮನೆಯವರ ಹೊಣೆ ಇಷ್ಟಾದರೆ, ಸಮಾಜದ ಹೊಣೆಯೂ ಇದೆ. ಮೊಹಲ್ಲಾದ ನೋಟೀಸು, ಶಾಲೆಯ ಸುತ್ತೋಲೆ, ಸಂಘದ ಆಮಂತ್ರಣ ಎಲ್ಲವೂ ಫೋಟೋ ರೂಪದಲ್ಲಿ ವಾಟ್ಸಾಪಿಗೆ ಬರುತ್ತವೆ. ಚಿತ್ರದೊಳಗಿನ ಕನ್ನಡವನ್ನು ಓದುವ ಯಂತ್ರ ಎಷ್ಟೋ ಸಲ ಮೂಕವಾಗುತ್ತದೆ. ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಬಾಯಲ್ಲಿ ಅರ್ಥವಿಲ್ಲದ ಸದ್ದಾಗುತ್ತದೆ. ಅದೇ ವಿಷಯವನ್ನು ನಾಲ್ಕು ಸಾಲು ಟೈಪು ಮಾಡಿ ಕಳುಹಿಸಿದರೆ ಎಲ್ಲರಿಗೂ ಮುಟ್ಟುತ್ತದೆ. ಇದು ಸೌಜನ್ಯದ ಮಾತು ಮಾತ್ರವಲ್ಲ, ಹಕ್ಕಿನ ಮಾತೂ ಹೌದು. ಮುಖ ತೋರಿಸಿ ಕಣ್ಣು ಮಿಟುಕಿಸಬೇಕೆಂದು ಕೇಳುವ ಗುರುತಿನ ತಪಾಸಣೆಯನ್ನು ಆಸಿಡ್ ದಾಳಿಗೆ ತುತ್ತಾದವರೂ ಅಂಧರೂ ಹೇಗೆ ಮಾಡಬೇಕೆಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟುಕುವಂತಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯ 2025ರ ಏಪ್ರಿಲ್ 30ರಂದು ತೀರ್ಪಿತ್ತಿತು.

ತೀರ್ಪು ಬ್ಯಾಂಕುಗಳನ್ನು ಕಟ್ಟಿಹಾಕಬಹುದು. ಆದರೆ ಮನೆಯ ಪಡಸಾಲೆಗೆ ಯಾವ ನ್ಯಾಯಾಲಯದ ಆದೇಶವೂ ಬರುವುದಿಲ್ಲ. ಅಲ್ಲಿ ತೀರ್ಮಾನ ನಮ್ಮದೇ. ವೃದ್ಧಾಪ್ಯ ಮನುಷ್ಯನಿಂದ ಹಲವನ್ನು ತಾನಾಗಿಯೇ ಕಸಿದುಕೊಳ್ಳುತ್ತದೆ. ಅದು ಬಿಟ್ಟುಹೋದುದನ್ನು ನಮ್ಮ ಅವಸರ ಕಸಿದುಕೊಳ್ಳದಿರಲಿ. ದಿನವೂ ಓದಿ ಹೇಳುವ ಮಗನನ್ನು ಊರು ಮೆಚ್ಚುತ್ತದೆ. ಓದಲು ಕಲಿಸಿದ ಮಗನನ್ನು ಯಾರೂ ಗಮನಿಸದಿರಬಹುದು. ಆದರೆ ಅಂಥವನ ತಂದೆ ಯಾರನ್ನೂ ಕರೆಯದೆ ತಮ್ಮ ಕಾಗದವನ್ನು ತಾವೇ ಓದಿಕೊಳ್ಳುತ್ತಿರುತ್ತಾರೆ.