ಬಿದ್ದ ಜಾಗ ಬರೆದಿಡಿ

• 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇಷ್ಟು ದೊಡ್ಡ ಅಂಕಿ ಎದೆ ಒಡೆಯುತ್ತದೆ, ಆದರೆ ದಾರಿ ತೋರಿಸುವುದಿಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕದ ಯಾವ ತಿರುವಿನಲ್ಲಿ, ಎಷ್ಟು ಹೊತ್ತಿಗೆ, ಯಾವುದಕ್ಕೆ ಯಾವುದು ಬಡಿಯಿತು ಎಂಬ ಸಣ್ಣ ಲೆಕ್ಕವೇ ಜೀವ ಉಳಿಸುವುದು.

• ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ, ಯಮಕನಮರಡಿಯ ಬದಿ ರಾಷ್ಟ್ರೀಯ ಹೆದ್ದಾರಿ 48ರ ವೇಗ. ಗೋಕಾಕ, ಮೂಡಲಗಿಯ ಒಳದಾರಿಗಳಲ್ಲಿ ಕಬ್ಬಿನ ಹಂಗಾಮಿನ ಕತ್ತಲೆ. ಎರಡನ್ನೂ ಒಂದೇ ಮೊತ್ತದಲ್ಲಿ ಕೂಡಿಸಿದರೆ ಯಾವುದಕ್ಕೂ ಮದ್ದು ಸಿಗದು.

• ಪೊಲೀಸ್ ವರದಿಯಲ್ಲಿ ‘ಅತಿ ಜೋರಿನಿಂದ, ನಿಷ್ಕಾಳಜಿಯಿಂದ ನಡೆಸಿ’ ಎಂದು ಬರೆದರೆ ಆರೋಪಿ ಸಿಗುತ್ತಾನೆ. ರಸ್ತೆಯ ಅಂಚು ಕುಸಿದಿತ್ತೇ, ತಿರುವಿಗೆ ಫಲಕವಿತ್ತೇ, ರಸ್ತೆಯುಬ್ಬಿಗೆ ಬಣ್ಣವಿತ್ತೇ ಎಂಬುದನ್ನೂ ಬರೆದರೆ ಕಾರಣ ಸಿಗುತ್ತದೆ. ನಾಳೆ ಅದೇ ದಾರಿ ಹಿಡಿಯುವವನಿಗೆ ಬೇಕಾದದ್ದು ಕಾರಣ.

• ಕಬ್ಬು ಹೇರಿದ ಜೋಡಿ ಟ್ರೇಲರಿನ ಹಿಂದೆ ಜೋತುಬಿದ್ದ ಸೋಗೆ ದೀಪವನ್ನೂ ಮುಚ್ಚುತ್ತದೆ. ವರದಿಯಲ್ಲಿ ‘ಹಿಂದಿನಿಂದ ಡಿಕ್ಕಿ’ ಎಂದಷ್ಟೇ ಇದ್ದರೆ ತಪ್ಪೆಲ್ಲ ಸತ್ತ ಬೈಕಿನವನದು. ‘ರಿಫ್ಲೆಕ್ಟರ್ ಇರಲಿಲ್ಲ’ ಎಂದೂ ಸೇರಿದರೆ, ಮುಂದಿನ ಸಾವನ್ನು ಕಾರ್ಖಾನೆಯ ಗೇಟಿನಲ್ಲೇ ತಡೆಯಬಹುದು: ಕೆಂಪು ಪಟ್ಟಿ ಇಲ್ಲದ ಟ್ರೇಲರನ್ನು ತೂಕಕ್ಕೆ ಬಿಡಬಾರದು.

• ಐಐಟಿ ಮದ್ರಾಸ್ ಮತ್ತು ಎನ್‌ಐಸಿ ರೂಪಿಸಿದ ‘ಐರಾಡ್’ ದತ್ತಾಂಶ ವ್ಯವಸ್ಥೆಯನ್ನು ಮೊದಲು ಅಳವಡಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸರು ಸ್ಥಳದಲ್ಲೇ ನಿಂತು ಮೊಬೈಲಿನಲ್ಲಿ ಫೋಟೊ, ಜಾಗ ದಾಖಲಿಸಲೆಂದೇ ಅದು ಬಂದದ್ದು. ಠಾಣೆಗೆ ಮರಳಿ ನೆನಪಿನಿಂದ ತುಂಬಿದಾಗ ಒಂದು ಫರ್ಲಾಂಗು ತಪ್ಪಿದರೂ ಎಚ್ಚರಿಕೆಯ ಫಲಕ ಬೇರೆ ತಿರುವಿನಲ್ಲಿ ಹೋಗಿ ನಿಲ್ಲುತ್ತದೆ.

• ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರಿನೊಳಗೆ ಮೂರು ವರ್ಷಗಳಲ್ಲಿ ಸಾವು ಇಲ್ಲವೇ ತೀವ್ರ ಗಾಯದ 5 ಅಪಘಾತ, ಅಥವಾ 10 ಸಾವು ಆದರೆ ಅದು ಬ್ಲ್ಯಾಕ್‌ಸ್ಪಾಟ್. ಅಳತೆಗೋಲು ಬೇಕು, ನಿಜ. ಆದರೆ ಐದನೆಯದು ಆಗುವ ತನಕ ಕೈಕಟ್ಟಿ ಕೂರಿ ಎಂದು ಯಾವ ನಿಯಮವೂ ಹೇಳಿಲ್ಲ.

• ಅಪಘಾತವಾದ 30 ದಿನದೊಳಗೆ ತೀರಿಕೊಂಡರೆ ಅದು ರಸ್ತೆಯ ಸಾವೇ. ಮೂಡಲಗಿಯಲ್ಲಿ ಬಿದ್ದವರು ಬೆಳಗಾವಿಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಾಗ ಆ ಸುದ್ದಿ ಠಾಣೆಗೆ ಮರಳಬೇಕು. ಮರಳದಿದ್ದರೆ ಒಂದು ಮನೆ ಬರಿದಾಗಿದ್ದರೂ ಮೂಡಲಗಿಯ ರಸ್ತೆಗೆ ಏನೂ ಆಗಿಲ್ಲ ಎಂದೇ ದಾಖಲೆ ಹೇಳುತ್ತದೆ.

• ಗಾಯಾಳುವನ್ನು ಎತ್ತಿ ಆಸ್ಪತ್ರೆಗೆ ಮುಟ್ಟಿಸಿದವರಿಗೆ 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಮು ರಕ್ಷಣೆ ಕೊಟ್ಟಿದೆ. ಕಾನೂನಿನ ಭಯ ಹೋದಲ್ಲಿ ಜೀವವೂ ಉಳಿಯುತ್ತದೆ, ಮೊದಲು ಕಂಡವರ ಮಾತೂ ದಾಖಲಾಗುತ್ತದೆ.

• ರಸ್ತೆ ಸುರಕ್ಷತಾ ಸಮಿತಿಯ ಸಭೆಯಲ್ಲಿ ಅಪಘಾತದ ಜಾಗಗಳ ಪಟ್ಟಿ ಓದಿದ ಮಾತ್ರಕ್ಕೆ ರಸ್ತೆ ಸರಿಯಾಗದು. ಪ್ರತಿ ಜಾಗದ ಮುಂದೆ ಮೂರು ಕಾಲಂ ಇರಲಿ: ಮಾಡಬೇಕಾದವರು ಯಾರು, ಎಂದಿನೊಳಗೆ, ಮಾಡಿದ ಮೇಲೆ ಅಪಘಾತ ಇಳಿದವೇ?

• ಆ ಪಟ್ಟಿ ಕಡತದಲ್ಲಿ ಉಳಿಯದೆ ಗ್ರಾಮ ಪಂಚಾಯಿತಿಯ ಗೋಡೆಗೆ ಬರಲಿ. ತಮ್ಮ ಊರಿನ ಯಾವ ತಿರುವು ಜೀವ ತೆಗೆಯುತ್ತಿದೆ ಎಂದು ತಿಳಿಯುವುದು ಆ ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವವರ ಹಕ್ಕು.